ಮೊಳೆಗೆ ತೂಗುಹಾಕಿದ ಇಪ್ಪತ್ತೈದು ಡಿಗ್ರಿ

ಕೆಲವರಿಗೆ ಹೋದಲ್ಲೆಲ್ಲ ನೆಂಟರು ಸಿಗುತ್ತಾರೆ. ನನಗೆ ಹೋದಲ್ಲೆಲ್ಲ ಥರ್ಮಾಮೀಟರನ್ನು ತಪ್ಪಾಗಿ ಓದುವವರು ಸಿಗುತ್ತಾರೆ. ಇದೇ ಕೊನೆ, ಇದಕ್ಕಿಂತ ಹೆಚ್ಚಿನದು ಆಗಲಿಕ್ಕೆ ಸಾಧ್ಯವೇ ಇಲ್ಲ ಅಂತ ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಮರುದಿನ ಬಸ್ಸಿಳಿಯುವಷ್ಟರಲ್ಲಿ ಇನ್ನೊಬ್ಬರು ಕಾದಿರುತ್ತಾರೆ.

ನನ್ನ ಮನೆ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ, ಅಂಗಡಿ ಹರಿಹರದ ರೈಲ್ವೆ ಸ್ಟೇಷನ್ ಹತ್ತಿರ ಮಹಡಿ ಮೇಲಿನ ಒಂದು ಕೋಣೆಯಲ್ಲಿ. ಕಾರ್ಖಾನೆಗಳಿಂದ, ವರ್ಕ್‌ಶಾಪುಗಳಿಂದ ಬರುವ ಥರ್ಮಾಮೀಟರುಗಳನ್ನು ಪರೀಕ್ಷೆ ಮಾಡಿ, ಸರಿಯಾಗಿ ತೋರಿಸುತ್ತಿವೆ ಅಂತ ಸರ್ಟಿಫಿಕೇಟ್ ಕೊಡುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದೇನೆ. ಆದರೆ ನಾನು ಸರ್ಟಿಫಿಕೇಟ್ ಕೊಡಬೇಕೆಂದರೆ ನನಗೊಂದು ಸರ್ಟಿಫಿಕೇಟ್ ಬೇಕು. ಎರಡು ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಆಡಿಟರು ಬಂದು ಕೋಣೆ ನೋಡಿ ಮಾನ್ಯತೆ ಕೊಡುತ್ತಾರೆ. ನನ್ನಂಥ ಸಣ್ಣ ಅಂಗಡಿಗಳಿಗೆ ಈ ಸಲ ಮಾನ್ಯತೆ ಸಿಗುವುದು ಕಷ್ಟ ಅಂತ ಸುದ್ದಿ ಇತ್ತು. ಸಿಗದಿದ್ದರೆ ಅಂಗಡಿಗೆ ಬೀಗ ಹಾಕಿ ನನ್ನ ಹೆಂಡತಿಯ ತಮ್ಮನ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಡಬ್ಬಿಗಳ ಧೂಳು ಒರೆಸಬೇಕು. ಅವನು ಈಗಾಗಲೇ ನನಗಾಗಿ ಒಂದು ಸ್ಟೂಲು ತೆಗೆದಿಟ್ಟಿದ್ದ. ಆ ಸ್ಟೂಲು ನನ್ನ ಕನಸಿನಲ್ಲಿ ಬರುತ್ತಿತ್ತು.

ನನಗೊಂದು ರೋಗವಿದೆ. ಯಾರಾದರೂ "ಐವತ್ತು ಡಿಗ್ರಿ" ಅಂದರೆ "ಯಾವ ಡಿಗ್ರಿ?" ಅಂತ ಕೇಳುತ್ತೇನೆ. ಬಿಸಿಲಿಗೆ ಸೆಲ್ಸಿಯಸ್, ಜ್ವರಕ್ಕೆ ಫ್ಯಾರನ್‌ಹೀಟ್ ಅಂತ ಎರಡು ಲೆಕ್ಕ ಇಟ್ಟುಕೊಂಡು ನಮ್ಮ ಜನ ಆರಾಮಾಗಿ ಬದುಕುತ್ತಿದ್ದಾರೆ, ಎರಡಿವೆ ಅನ್ನುವುದೇ ಅವರಿಗೆ ಗೊತ್ತಿಲ್ಲ. ಲೋಕದಲ್ಲಿ ಇನ್ನೂ ಐದಾರು ಅಳತೆಗಳಿವೆ ಅಂತ ತಿಳಿಸಲು ಹೋಗಿದ್ದೇ ನನ್ನ ಗ್ರಹಚಾರ.

೧. ಸೊನ್ನೆಗೆ ಕುದಿಯುವ ಚಹಾ

ಅಂಗಡಿಯ ಗೋಡೆಯ ಮೇಲೆ ನಾನೇ ಬರೆದ ದೊಡ್ಡ ಪಟ್ಟಿಯೊಂದಿದೆ. ನೀರು ಯಾವ ಅಳತೆಯಲ್ಲಿ ಎಷ್ಟಕ್ಕೆ ಕುದಿಯುತ್ತದೆ ಅಂತ. ಸೆಲ್ಸಿಯಸ್‌ನಲ್ಲಿ ನೂರು, ಫ್ಯಾರನ್‌ಹೀಟ್‌ನಲ್ಲಿ ಇನ್ನೂರಾ ಹನ್ನೆರಡು, ರಿಯೋಮರ್‌ನಲ್ಲಿ ಎಂಬತ್ತು, ನ್ಯೂಟನ್‌ನಲ್ಲಿ ಮೂವತ್ಮೂರು. ಡೆಲಿಲ್ ಅನ್ನುವ ತಲೆಕೆಳಗಾದ ಅಳತೆಯಲ್ಲಿ ನೀರು ಕುದಿಯುವುದು ಸೊನ್ನೆಗೆ, ಮಂಜುಗಡ್ಡೆಯಾಗುವುದು ನೂರೈವತ್ತಕ್ಕೆ.

ಕೆಳಗೆ ಚಹಾದಂಗಡಿ ಇಟ್ಟವನು ದಿನಾ ಗ್ಲಾಸು ಕೊಡಲು ಬಂದಾಗ ಪಟ್ಟಿ ನೋಡುತ್ತಿದ್ದ. ಒಂದು ದಿನ ಗ್ಲಾಸು ಮೇಜಿನ ಮೇಲಿಟ್ಟು ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಸಾರ್, ಈ ನ್ಯೂಟನ್ ಮೀಟ್ರು ನಮಗೊಂದು ತರಿಸಿ ಕೊಡ್ರಿ. ನೂರರಗಂಟ ಕಾಸೋದು ಯಾಕ? ಅದ್ರಾಗೆ ಮೂವತ್ಮೂರಕ್ಕೇ ಕುದೀತೈತೆ. ಗ್ಯಾಸ್ ಉಳೀತೈತೆ."

ನನಗೆ ಉತ್ತರ ಹೊಳೆಯುವಷ್ಟರಲ್ಲಿ ಅವನ ಕಣ್ಣು ಪಟ್ಟಿಯ ಕೊನೆಗೆ ಹೋಗಿತ್ತು. "ಇರ್ರಿ, ಇರ್ರಿ. ಈ ಡೆಲಿಲ್‌ನಾಗೆ ಸೊನ್ನೆಗೇ ಕುದೀತೈತಲ್ರಿ. ಹಂಗಾರೆ ಒಲಿನೇ ಬ್ಯಾಡ."

ಅವನನ್ನು ಕೂರಿಸಿ, ಅರ್ಧ ಗಂಟೆ ವಿವರಿಸಿದೆ. ನೀರು ಅದೇ ನೀರು, ಬೆಂಕಿ ಅದೇ ಬೆಂಕಿ, ಬಿಸಿಯೂ ಅಷ್ಟೇ, ಬೇರೆ ಬೇರೆ ಆಗುವುದು ಅಂಕಿ ಮಾತ್ರ ಅಂತ. ಅವನು ಗಂಭೀರವಾಗಿ ಕೇಳಿಸಿಕೊಂಡ.

"ಅಂದ್ರೆ ಯಾವ ಮೀಟ್ರು ಹಾಕಿದ್ರೂ ಚಾ ಅದೇ?"

"ಅದೇ."

"ಅಂಕಿ ಬದಲು ಮಾಡಿದ್ರೆ ಏನೂ ಆಗಂಗಿಲ್ಲ?"

"ಏನೂ ಆಗಲ್ಲ."

ಅವನು ಖಾಲಿ ಗ್ಲಾಸು ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ, ತಿರುಗಿ ನಿಂತು, ನಿಜವಾದ ಕಳಕಳಿಯಿಂದ ಕೇಳಿದ: "ಮತ್ತೆ ಇಪ್ಪತ್ತಾರು ವರ್ಷದಿಂದ ನೀವು ಇಲ್ಲಿ ಕುಂತು ಏನ್ ಮಾಡ್ತೀರಿ ಸಾರ್?"

೨. ನನ್ನ ತಪ್ಪು ವಾಪಸ್ ಕೊಡ್ರಿ

ದಾವಣಗೆರೆಯಲ್ಲಿ ನೂಲಿಗೆ, ಬಟ್ಟೆಗೆ ಬಣ್ಣ ಹಾಕುವ ಒಬ್ಬ ಚಾಚಾ ಇದ್ದಾರೆ. ಅವರ ಕೈಯ ಕೆಂಪು ಬಣ್ಣ ಸುತ್ತಲಿನ ಊರುಗಳಲ್ಲೆಲ್ಲ ಹೆಸರುವಾಸಿ. ಮದುವೆ ರುಮಾಲು ಅಂದರೆ ಚಾಚಾನ ಕೆಂಪೇ ಆಗಬೇಕು. ಯಾವುದೋ ಮುಚ್ಚಿದ ಗಿರಣಿಯ ಸಾಮಾನು ಗುಜರಿಗೆ ಹೋದಾಗ ಅವರು ಅಲ್ಲಿಂದ ಒಂದು ಥರ್ಮಾಮೀಟರು ತಂದಿದ್ದರು. ಹಿತ್ತಾಳೆ ಕವಚದೊಳಗೆ ಉದ್ದನೆಯ ಗಾಜಿನ ಕಡ್ಡಿ. ಬಣ್ಣದ ಹಂಡೆಯೊಳಗೆ ಅದನ್ನಿಳಿಸಿ, ಅರವತ್ತು ತೋರಿಸಿದ ಕೂಡಲೇ ನೂಲು ಹಾಕುವುದು ಅವರ ಪದ್ಧತಿ. ಬಣ್ಣದ ಪೊಟ್ಟಣದ ಮೇಲೂ ಅರವತ್ತು ಅಂತಲೇ ಬರೆದಿರುತ್ತದೆ.

ಒಂದು ಸಲ ಪರೀಕ್ಷೆಗೆ ಅಂತ ಅದನ್ನು ನನ್ನ ಹತ್ತಿರ ತಂದರು. ನೋಡಿದರೆ ರಿಯೋಮರ್ ಅಳತೆಯದ್ದು. ನಮ್ಮೂರಲ್ಲಿ ರಿಯೋಮರ್ ಕಂಡು ನನಗೆ ಕಣ್ಣಲ್ಲಿ ನೀರು ಬಂತು. ಅದರಲ್ಲಿ ನೀರು ಕುದಿಯುವುದು ಎಂಬತ್ತಕ್ಕೆ. ಅಂದರೆ ಅದರ ಅರವತ್ತು ಪೊಟ್ಟಣದ ಅರವತ್ತಲ್ಲ, ಎಪ್ಪತ್ತೈದು. ಇಷ್ಟು ವರ್ಷ ಚಾಚಾ ಬಣ್ಣವನ್ನು ಹದಿನೈದು ಡಿಗ್ರಿ ಹೆಚ್ಚು ಕಾಸುತ್ತಿದ್ದರು.

"ಚಾಚಾ, ಇನ್ನು ಮೇಲೆ ಇದರಲ್ಲಿ ನಲವತ್ತೆಂಟಕ್ಕೆ ನಿಲ್ಲಿಸಿ. ಅದೇ ನಿಜವಾದ ಅರವತ್ತು" ಅಂತ ಹೇಳಿ, ಕವಚದ ಮೇಲೆ ಚೀಟಿ ಅಂಟಿಸಿ ಕಳಿಸಿದೆ. ಒಬ್ಬ ಮನುಷ್ಯನನ್ನಾದರೂ ತಿದ್ದಿದೆ ಅಂತ ಆ ದಿನ ಮನೆಗೆ ಮೈಸೂರು ಪಾಕು ಒಯ್ದಿದ್ದೆ.

ಹದಿನೈದು ದಿನಕ್ಕೆ ಚಾಚಾ ಬಂದರು. ಚೀಲದಿಂದ ಒಂದು ರುಮಾಲು ತೆಗೆದು ಮೇಜಿನ ಮೇಲೆ ಹರಡಿದರು. ಈರುಳ್ಳಿ ಸಿಪ್ಪೆಯ ಬಣ್ಣ.

"ಇಂಥಾವು ಮೂವತ್ತದಾವು ಸಾಹೇಬ್ರೆ. ಬೀಗರು ತಲಿಗೆ ಸುತ್ತಿಕೊಂಡು ಕನ್ನಡಿ ನೋಡಿ, ಯಾರು ಸತ್ತಾರ ಅಂತ ಕೇಳಿದ್ರಂತೆ."

"ಆದರೆ ಚಾಚಾ, ಈಗಲೇ ಸರಿಯಾದ ಡಿಗ್ರಿ..."

"ನಿಮ್ಮ ಸರಿ ನೀವೇ ಇಟ್ಕೊಳ್ರಿ. ನನ್ನ ತಪ್ಪು ನನಗೆ ವಾಪಸ್ ಕೊಡ್ರಿ."

ಚೀಟಿ ಕಿತ್ತೆ. ಅವರು ಅಷ್ಟಕ್ಕೆ ಬಿಡಲಿಲ್ಲ. ಮೀಟರು ಖರಾಬ್ ಅಂತ ಮಾರ್ಕೆಟ್ಟಿನಲ್ಲಿ ಸುದ್ದಿಯಾಗಿದೆ, ಸರಿ ಇದೆ ಅಂತ ಸೀಲು ಹಾಕಿ ಕಾಗದ ಕೊಡ್ರಿ ಅಂತ ಎದುರಿಗೇ ಕೂತರು. ನೋಡಿದರೆ ರಿಯೋಮರ್ ಲೆಕ್ಕದಲ್ಲಿ ಅದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆ ರುಮಾಲು ಮೇಜಿನ ಮೇಲೆ ನನ್ನನ್ನೇ ನೋಡುತ್ತಿತ್ತು. ನಾಚಿಕೆಗೋ ಅವಸರಕ್ಕೋ, ಹೀಗೆ ಬರೆದು ಸಹಿ ಹಾಕಿದೆ: "ಈ ಥರ್ಮಾಮೀಟರನ್ನು ಪರೀಕ್ಷಿಸಲಾಗಿದೆ. ಇದು ತೋರಿಸುವ ಡಿಗ್ರಿ ಸರಿಯಾಗಿದೆ."

ಅವರು ಮೆಟ್ಟಿಲಿಳಿದು ಹೋದ ಮೇಲೆ ಹೊಳೆಯಿತು. ಜೀವಮಾನದಲ್ಲಿ ಮೊದಲ ಬಾರಿಗೆ, ಯಾವ ಡಿಗ್ರಿ ಅಂತ ಬರೆಯುವುದನ್ನು ನಾನೇ ಬಿಟ್ಟಿದ್ದೆ. ಫೋನ್ ಮಾಡಿ, ಕಾಗದ ತನ್ನಿ, ಒಂದು ಪದ ಸೇರಿಸಿ ಕೊಡುತ್ತೇನೆ ಅಂದೆ. "ಇನ್ನು ಆಗಂಗಿಲ್ಲ ಸಾಹೇಬ್ರೆ" ಅಂದರು ಚಾಚಾ. "ಲ್ಯಾಮಿನೇಶನ್ ಮಾಡಿಸಿಬಿಟ್ಟೀನಿ."

೩. ಆರದ ಕುಲುಮೆ

ಹರಿಹರದ ಹೊರಗೆ ಒಂದು ವರ್ಕ್‌ಶಾಪಿನವರು ಕಬ್ಬಿಣ ಹದ ಮಾಡಲು ಅಮೆರಿಕದ ಹಳೇ ಕುಲುಮೆ ತರಿಸಿದ್ದರು. ಏಪ್ರಿಲ್ ತಿಂಗಳಲ್ಲಿ ಅಲ್ಲಿನ ಸೂಪರ್‌ವೈಸರು ಫೋನ್ ಮಾಡಿದರು.

"ಸಾರ್, ಫರ್ನೇಸ್ ಆಫ್ ಮಾಡಿ ಹನ್ನೆರಡು ದಿನ ಆತು. ಇನ್ನೂ ಐನೂರಾ ಅರವತ್ತು ಡಿಗ್ರಿ ಐತೆ. ಆರ್ತಾನೇ ಇಲ್ಲ."

"ಯಾವ ಡಿಗ್ರಿ?"

"ಸುಡೋ ಡಿಗ್ರಿ ಸಾರ್."

ಹೋಗಿ ನೋಡಿದೆ. ಕುಲುಮೆಯ ಸುತ್ತ ಹಗ್ಗ ಕಟ್ಟಿ "ಅಪಾಯ" ಅಂತ ಬೋರ್ಡು ಹಾಕಿದ್ದರು. ನಾಲ್ಕು ದಿಕ್ಕಿನಿಂದ ನಾಲ್ಕು ಫ್ಯಾನು ಅದಕ್ಕೆ ಗಾಳಿ ಬೀಸುತ್ತಿದ್ದವು. ಕೆಲಸದವರು ದೂರದ ಗೋಡೆಗೆ ಒತ್ತಿಕೊಂಡು ಬೆವರುತ್ತ ನಿಂತಿದ್ದರು, ಅವರಿಗೆ ಒಂದು ಫ್ಯಾನೂ ಉಳಿದಿರಲಿಲ್ಲ. ಡಯಲಿನ ಮೇಲೆ ಸಣ್ಣಕ್ಷರದಲ್ಲಿ ರ‍್ಯಾಂಕಿನ್ ಅಂತ ಬರೆದಿತ್ತು. ಆ ಅಳತೆ ಶುರುವಾಗುವುದೇ ಲೋಕದಲ್ಲಿ ಅದಕ್ಕಿಂತ ತಣ್ಣಗಿರಲು ಸಾಧ್ಯವಿಲ್ಲ ಅನ್ನುವ ಜಾಗದಿಂದ. ಅದರಲ್ಲಿ ಐನೂರಾ ಅರವತ್ತು ಅಂದರೆ ನಮ್ಮ ಮೂವತ್ತೆಂಟು.

"ಇದು ಎಂದೋ ಆರಿದೆ. ತೋರಿಸ್ತಿರೋದು ನಿಮ್ಮ ಶೆಡ್ಡಿನ ಸೆಕೆ" ಅಂದೆ.

ಸೂಪರ್‌ವೈಸರಿಗೆ ಸಮಾಧಾನವಾಗಲಿಲ್ಲ. "ಅಂದ್ರೆ ಈ ಶೆಡ್ಡು ಐನೂರಾ ಅರವತ್ತೈತಾ?" ಅಂತ ಇನ್ನೂ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ, ಆಫ್ ಮಾಡಿದಾಗ ಸೊನ್ನೆ ತೋರಿಸುವ ಹಾಗೆ ಮಾಡಿಕೊಡ್ರಿ ಅಂದರು. ಈ ಡಯಲು ಸೊನ್ನೆ ತೋರಿಸಬೇಕಾದರೆ ಹರಿಹರದ ಗಾಳಿಯೆಲ್ಲ ಗಟ್ಟಿಯಾಗಿ ನೆಲಕ್ಕೆ ಬೀಳಬೇಕು ಅಂತ ಹೇಳಿದೆ. "ಒಂದ್ ವಾರ ಟೈಮ್ ತಗೊಳ್ರಿ" ಅಂದರು.

ಮಾತು ಸಾಕಾಗಿ, ಹಗ್ಗ ದಾಟಿ ಹೋಗಿ ಅರ್ಧ ತೆರೆದಿದ್ದ ಬಾಗಿಲನ್ನು ಪೂರ್ತಿ ಎಳೆದೆ. ಹಿಂದೆ ಯಾರೋ ಕಿರುಚಿದರು. ಒಳಗೆ ಒಂದು ಬೆಕ್ಕು ಮಲಗಿತ್ತು, ಅದರ ಹೊಟ್ಟೆಗೆ ನಾಲ್ಕು ಮರಿಗಳು ಅಂಟಿಕೊಂಡು ಹಾಲು ಕುಡಿಯುತ್ತಿದ್ದವು.

ಮೂಲೆಯಲ್ಲಿ ಕೂತಿದ್ದ ಮುದುಕ ವಾಚ್‌ಮನ್ ಎದ್ದು ಬಂದು, "ಮರಿ ಹಾಕಿ ಎಂಟು ದಿನ ಆತ್ರಿ" ಅಂದ.

ಸೂಪರ್‌ವೈಸರಿಗೆ ಸಿಟ್ಟು ಬಂತು. "ಬೆಕ್ಕು ಒಳಗೆ ಹೋಗಿ ಬರೋದು ನೋಡ್ತಾ ಇದ್ದಿಯಲ್ಲ, ಮೊದಲೇ ಯಾಕ ಹೇಳ್ಲಿಲ್ಲ?"

"ನೀವು ಓದಿದೋರು, ಐನೂರಾ ಅರವತ್ತು ಅಂದ್ರಿ. ಇರ್ಬೋದು ಅಂದ್ಕಂಡೆ" ಅಂದ ವಾಚ್‌ಮನ್. "ಬೆಕ್ಕಿಗೆ ಓದಾಕೆ ಬರಂಗಿಲ್ಲ ನೋಡ್ರಿ, ಅದು ಹೋಗಿ ಮಲಗೈತೆ."

೪. ಏರಲಿ ಅಂತ ಹರಕೆ

ಆಡಿಟ್‌ಗೆ ಹತ್ತು ದಿನ ಇರುವಾಗ ನನಗೆ ಜ್ವರ ಬಂತು. ಆ ವಾರ ಚಾಚಾ ಹಿತ್ತಾಳೆ ಕವಚ ಸಡಿಲವಾಗಿದೆ ಅಂತ ತಮ್ಮ ಥರ್ಮಾಮೀಟರು ರಿಪೇರಿಗೆ ಕೊಟ್ಟಿದ್ದರು. ಅದರ ಗಾಜಿನ ಕಡ್ಡಿಯನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದು ಮಲಗಿದೆ. ಮನೆಯಲ್ಲಿದ್ದ ಜ್ವರದ ಥರ್ಮಾಮೀಟರಿನ ಸೆಲ್ಲು ಸತ್ತಿತ್ತು. ಹೆಂಡತಿ ಚೀಲ ಹುಡುಕಿ, ಸಿಕ್ಕ ಕಡ್ಡಿಯನ್ನೇ ನನ್ನ ಕಂಕುಳಲ್ಲಿ ಇಟ್ಟಳು. ಮೂವತ್ತೊಂದು ತೋರಿಸಿತು.

ಅವಳಿಗೆ ಗೊತ್ತಿದ್ದದ್ದು ಒಂದೇ: ಮನುಷ್ಯನಿಗೆ ತೊಂಬತ್ತೆಂಟು ಇರಬೇಕು. ಎರಡು ಬೀದಿ ಆಚೆ ಇರುವ ಅವಳ ತಾಯಿಗೆ ಫೋನ್ ಹೋಯಿತು. ಅತ್ತೆ ಬಂದವರೇ ಕಡ್ಡಿ ನೋಡಿ ಎದೆಗೆ ಕೈಯಿಟ್ಟು ಕೂತರು. "ಅರ್ಧ ಜೀವನೂ ಉಳಿದಿಲ್ಲಲ್ಲೇ" ಅಂದರು.

ನಾನು ಆ ಮಂಪರಿನಲ್ಲೂ ಕರ್ತವ್ಯ ಮರೆಯಲಿಲ್ಲ. "ರಿಯೋಮರ್... ರಿಯೋಮರ್..." ಅಂತ ಕನವರಿಸಿದೆನಂತೆ.

"ಯಾರೇ ಅದು?" ಅಂತ ಅತ್ತೆ ಕೇಳಿದರು.

"ಗೊತ್ತಿಲ್ಲವ್ವ. ಅಂಗಡಿ ಕಡೆಯಿಂದ ಬಂದಿರ್ಬೇಕು."

ಅತ್ತೆಗೆ ಎಲ್ಲ ಅರ್ಥವಾಯಿತು. ಹರಿಹರದಿಂದ ಬರುವಾಗ ಯಾವುದೋ ಪರಸ್ಥಳದ ದೆವ್ವ ಅಳಿಯನ ಮೈಮೇಲೆ ಬಂದಿದೆ. ಅಲ್ಲೇ ನಿಂತು, ದೆವ್ವ ಬಿಡಿಸುವುದಕ್ಕೆ ಹೆಸರಾದ ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತರು. "ಅಜ್ಜಯ್ಯ, ಅಳಿಯಂದ್ರಿಗೆ ಜ್ವರ ಏರಿಸಪ್ಪ. ತೊಂಬತ್ತೆಂಟು ಮುಟ್ಟಿಸಪ್ಪ. ಹೊಳಿಯಾಗೆ ಸ್ನಾನ ಮಾಡಿಸಿ ನಿನ್ನ ಮುಂದೆ ತಂದು ನಿಲ್ಲಿಸ್ತೀನಿ." ಮನೆಯಲ್ಲಿದ್ದ ಕಂಬಳಿಯನ್ನೆಲ್ಲ ನನ್ನ ಮೇಲೆ ಹೊದಿಸಿದರು. ಲೋಕದಲ್ಲಿ ಜ್ವರ ಇಳಿಯಲಿ ಅಂತ ಹರಕೆ ಹೊತ್ತವರನ್ನು ನೋಡಿದ್ದೇನೆ, ಏರಲಿ ಅಂತ ಹೊತ್ತವರನ್ನು ನೋಡಿದ್ದು ಅಂದೇ.

ಬೆಳಿಗ್ಗೆ ಜ್ವರ ಪೂರ್ತಿ ಬಿಟ್ಟಿತ್ತು. ಹೆಂಡತಿ ಕಡ್ಡಿ ಇಟ್ಟು ನೋಡಿದಳು, ಇಪ್ಪತ್ತೊಂಬತ್ತೂವರೆ. ಇಬ್ಬರೂ ಗೊಳೋ ಅಂತ ಅತ್ತರು. ನಾನು ಎದ್ದು ಕೂತು, "ಅದನ್ನ ಐದರಿಂದ ಗುಣಿಸಿ ನಾಲ್ಕರಿಂದ ಭಾಗಿಸಿ, ಮೂವತ್ತೇಳರ ಹತ್ತಿರ ಬರ್ತದೆ, ನಾನು ಆರಾಮಾಗಿದ್ದೀನಿ, ಒಂದು ಲೋಟ ಚಹಾ ಕೊಡಿ" ಅಂದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನೋಡು, ಅದು ಲೆಕ್ಕ ಹೇಳಾಕತ್ತೈತೆ" ಅಂದರು.

ಬೀದಿಯ ಕೊನೆಯ ಡಾಕ್ಟರನ್ನು ಕರೆಸಿದರು. ಅವರ ಥರ್ಮಾಮೀಟರು ತೊಂಬತ್ತೆಂಟು ತೋರಿಸಿತು. ಅತ್ತೆ ಅಲ್ಲೇ ಕೈ ಮುಗಿದರು. ಆ ಸೋಮವಾರ ಉಕ್ಕಡಗಾತ್ರಿಗೆ ಕರೆದೊಯ್ದು ತುಂಗಭದ್ರೆಯಲ್ಲಿ ನನ್ನನ್ನು ಮೂರು ಸಲ ಮುಳುಗಿಸಿ ಎತ್ತಿದರು. ದರ್ಶನದ ಸಾಲಿನಲ್ಲಿ ನಿಂತವರಿಗೆಲ್ಲ ನನ್ನನ್ನು ತೋರಿಸಿ, "ಒಂದೇ ಬೆಳಗಿನಾಗೆ ಇಪ್ಪತ್ತೊಂಬತ್ತರಿಂದ ತೊಂಬತ್ತೆಂಟಕ್ಕೆ ಎಬ್ಬಿಸಿದ ಅಜ್ಜಯ್ಯ" ಅಂತ ಹೇಳುತ್ತಿದ್ದರು. ಕೆಲವರು ನನ್ನ ಕಾಲಿಗೂ ಬಿದ್ದರು.

೫. ಆಡಿಟ್

ಆಡಿಟ್ ದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ಪರೀಕ್ಷೆಯ ಕೋಣೆ ಇಪ್ಪತ್ತೈದು ಡಿಗ್ರಿ ಸೆಲ್ಸಿಯಸ್ ಇರಬೇಕು ಅಂತ ನಿಯಮ, ಎರಡು ಡಿಗ್ರಿ ಆಚೀಚೆ ಆದರೆ ಬಿಡುತ್ತಾರೆ. ಎ.ಸಿ. ಇಲ್ಲದೆ ಕೋಣೆ ಮೂವತ್ತು ದಾಟಿತ್ತು. ನನ್ನ ಗೋಡೆಯ ಥರ್ಮಾಮೀಟರನ್ನು ಪರೀಕ್ಷೆಗೆಂದು ಬೆಂಗಳೂರಿಗೆ ಕಳಿಸಿದ್ದೆ. ಅದರ ಮೊಳೆ ಖಾಲಿ ಇತ್ತು. ಅತ್ತೆ ಕೊಟ್ಟು ಕಳಿಸಿದ್ದ ಉಕ್ಕಡಗಾತ್ರಿಯ ವಿಭೂತಿ ಮೇಜಿನ ಮೇಲಿತ್ತು. ಕಣ್ಣೆದುರು ಆ ಸ್ಟೂಲು ತೇಲುತ್ತಿತ್ತು.

ಅಷ್ಟರಲ್ಲಿ ಚಾಚಾ ಬಂದರು, ತಮ್ಮ ಥರ್ಮಾಮೀಟರು ಒಯ್ಯಲು. ಅದಕ್ಕೆ ಕವಚ ಹಾಕಿ ಕೈಗೆ ಕೊಟ್ಟೆ. ಕರೆಂಟು ಯಾವಾಗ ಬರುತ್ತದೆ ಅಂತ ಕೇಳಲು ಕೆಳಗೆ ಓಡಿದೆ. ವಾಪಸ್ ಬರುವಷ್ಟರಲ್ಲಿ ಆಡಿಟರು ಮೇಜಿನ ಮುಂದೆ ಕೂತಿದ್ದರು. ಉಪಕರಣ ಬಲ್ಲ ಹಳೆಯ ಆಡಿಟರು ನಿವೃತ್ತರಾಗಿದ್ದರು. ಇವರು ಕಡತ ವಿಭಾಗದವರು, ಸಹಿ ಮತ್ತು ಸೀಲು ನೋಡುವವರು. ಅಂಗಿಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು.

"ಕೋಣೆ ಉಷ್ಣತೆ ಇಪ್ಪತ್ತೈದು. ಸರಿಯಾಗಿದೆ" ಅಂತ ಬರೆದುಕೊಳ್ಳುತ್ತಿದ್ದರು.

ನಾನು ಗೋಡೆ ನೋಡಿದೆ. ಮೊಳೆಗೆ ಚಾಚಾನ ಥರ್ಮಾಮೀಟರು ತೂಗುತ್ತಿತ್ತು. ಸರಿಯಾಗಿ ಇಪ್ಪತ್ತೈದು.

"ಮೊಳಿ ಖಾಲಿ ಕಾಣಿಸ್ತು ಸಾಹೇಬ್ರೆ" ಅಂತ ಚಾಚಾ ಪಿಸುಗುಟ್ಟಿದರು. "ಆಡಿಟ್ ಅಂದ್ರಲ್ಲ, ಅಂಗಡಿ ಭರ್ತಿ ಕಾಣ್ಲಿ ಅಂತ ಹಾಕ್ದೆ."

ಸುಮ್ಮನಿದ್ದರೆ ಅಂಗಡಿ ಉಳಿಯುತ್ತದೆ. ಇಪ್ಪತ್ತಾರು ವರ್ಷ ಊರಿಗೆಲ್ಲ ಯಾವ ಡಿಗ್ರಿ, ಯಾವ ಡಿಗ್ರಿ ಅಂತ ಕೇಳಿದ ಬಾಯಿ ಸುಮ್ಮನಿರಲಿಲ್ಲ. "ಸಾರ್, ಅದು ರಿಯೋಮರ್. ನಿಜವಾಗಿ ಕೋಣೆ ಮೂವತ್ತೊಂದೂಕಾಲು ಇದೆ" ಅಂದೆ.

ಆಡಿಟರು ಪೆನ್ನು ನಿಲ್ಲಿಸಿದರು. "ಅಂದರೆ ಈ ಥರ್ಮಾಮೀಟರು ತಪ್ಪಾ?"

"ತಪ್ಪಂತೆ?" ಚಾಚಾಗೆ ಪಿತ್ತ ನೆತ್ತಿಗೇರಿತು. ಜೇಬಿನಿಂದ ಲ್ಯಾಮಿನೇಶನ್ ಮಾಡಿಸಿದ ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. "ನೋಡ್ರಿ, ಇವರದೇ ಸೀಲು."

ಆಡಿಟರು ಗಟ್ಟಿಯಾಗಿ ಓದಿದರು. "ಇದು ತೋರಿಸುವ ಡಿಗ್ರಿ ಸರಿಯಾಗಿದೆ." ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಈ ಸಹಿ ನಿಮ್ಮದೇ ತಾನೆ? ನೀವು ಕೊಟ್ಟ ಸರ್ಟಿಫಿಕೇಟು ಸರಿಯೋ ಸುಳ್ಳೋ, ಒಂದೇ ಮಾತಲ್ಲಿ ಹೇಳಿ. ಸುಳ್ಳಾದರೆ ಈಗಲೇ ಬೀಗ ಹಾಕಿಸ್ತೀನಿ."

"ಸರಿಯೇ ಸಾರ್. ಆದರೆ ಯಾವ ಡಿಗ್ರಿ ಅಂತ..."

"ಡಿಗ್ರಿಯಲ್ಲಿ ಯಾವ ಡಿಗ್ರಿ ರೀ?" ಅಂದು ಅವರು ಸಹಿ ಹಾಕಿ ಸೀಲು ಒತ್ತಿದರು. ಪಾಸಾದೆ. ಅಳಬೇಕು ಅನ್ನಿಸಿತು.

ಚಹಾದವನು ಗ್ಲಾಸು ತಂದಿಟ್ಟ. ಆಡಿಟರು ಒಂದು ಗುಟುಕು ಕುಡಿದು ಕತ್ತು ಒರೆಸಿಕೊಂಡು ಹೆದರಿದ ದನಿಯಲ್ಲಿ ಕೇಳಿದರು. "ಅಲ್ಲ, ಕೋಣೆ ಇಪ್ಪತ್ತೈದೇ ಇದೆ. ನಾನು ಯಾಕೆ ಹಿಂಗೆ ಬೆವರ್ತಾ ಇದ್ದೀನಿ? ಜ್ವರ ಏನಾದರೂ ಇದೆಯಾ?"

"ನೋಡೇ ಬಿಡೋಣ" ಅಂತ ಚಾಚಾ ಮೊಳೆಯಿಂದ ಥರ್ಮಾಮೀಟರು ತೆಗೆದು, ಕವಚ ಕಳಚಿ, ಅವರ ಕಂಕುಳಿಗೆ ಕೊಟ್ಟುಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ.

ಇಪ್ಪತ್ತೊಂಬತ್ತೂವರೆ.

ಆಡಿಟರ ಮುಖ ಆ ಈರುಳ್ಳಿ ಸಿಪ್ಪೆ ರುಮಾಲಿನ ಬಣ್ಣಕ್ಕೆ ತಿರುಗಿತು. "ಗಾಬರಿ ಆಗಬೇಡಿ ಸಾರ್, ಐದರಿಂದ ಗುಣಿಸಿ ನಾಲ್ಕರಿಂದ..." ಅಂದೆ. ಅವರು ಕೇಳಲಿಲ್ಲ. ಮೇಜಿನ ಮೇಲಿದ್ದ ವಿಭೂತಿಯನ್ನು ತಾವೇ ಹಣೆಗೆ, ಎದೆಗೆ ಬಳಿದುಕೊಂಡು ಮೆಟ್ಟಿಲಿಳಿದು ಆಟೋ ಹತ್ತಿದರು. ಆಟೋ ಹಿಂದೆ ಸ್ವಲ್ಪ ದೂರ ಓಡಿದೆ, "ಒಂಬತ್ತರಿಂದ ಗುಣಿಸಿ ಸಾರ್, ನಾಲ್ಕರಿಂದ ಭಾಗಿಸಿ ಮೂವತ್ತೆರಡು ಕೂಡಿಸಿದರೆ ತೊಂಬತ್ತೆಂಟೇ ಬರ್ತದೆ" ಅಂತ ಕೂಗುತ್ತ. ಸ್ಟೇಷನ್ ರಸ್ತೆಯಲ್ಲಿ ಜನ ನಿಂತು ನೋಡಿದರು.

ಸಂಜೆ ಅವರದೇ ಫೋನು ಬಂತು.

"ಆಸ್ಪತ್ರೆ ಮುಟ್ಟೋಷ್ಟರಲ್ಲಿ ತೊಂಬತ್ತೆಂಟಕ್ಕೆ ಬಂದಿತ್ತು ರೀ. ಎಲ್ಲ ಆ ವಿಭೂತಿ ಮಹಿಮೆ. ಅದು ಯಾವ ದೇವರದು?"

"ಉಕ್ಕಡಗಾತ್ರಿ ಅಜ್ಜಯ್ಯಂದು ಸಾರ್" ಅಂದೆ. ಇನ್ನು ಅವರಿಗೆ ಲೆಕ್ಕ ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

"ಹೋಗಿ ಕೈ ಮುಗಿದೇ ಬೆಂಗಳೂರಿಗೆ ವಾಪಸ್ ಹೋಗೋದು. ಹರಿಹರದಿಂದ ಎಷ್ಟು ದೂರ ಆಗುತ್ತೆ?"

"ಒಂದು ಇಪ್ಪತ್ತೈದು, ಮೂವತ್ತು ಆಗಬಹುದು ಸಾರ್."

ಆ ಕಡೆಯಿಂದ ತುಸು ಗದರಿಕೆಯ ದನಿ ಬಂತು.

"ಇಪ್ಪತ್ತೈದು ಅಂದರೆ? ಕಿಲೋಮೀಟರೋ, ಮೈಲಿಯೋ? ಅಳತೆ ಹೇಳುವಾಗ ಯಾವ ಅಳತೆ ಅಂತ ಹೇಳಬೇಕು ರೀ. ಇಷ್ಟು ವರ್ಷ ಈ ಕೆಲಸ ಮಾಡಿ, ಅಷ್ಟೂ ತಿಳಿಯಲ್ವಾ ನಿಮಗೆ?"